ಮೇವಿನ ಯಂತ್ರಕ್ಕೆ ಬೆರಳು ಸಿಕ್ಕಿದರೆ: ಕೊಟ್ಟಿಗೆಯಿಂದ ಶಸ್ತ್ರಚಿಕಿತ್ಸೆಯವರೆಗೆ, ಅಲ್ಲಿಂದ ಮತ್ತೆ ಕೆಲಸದವರೆಗೆ

ಕೋಲಾರದ ಕಡೆ ನಾಲ್ಕು ಹಸು ಕಟ್ಟಿದ ಮನೆಯೆಂದರೆ ಕೊಟ್ಟಿಗೆಯ ಮೂಲೆಯಲ್ಲಿ ಒಂದು ಚಾಫ್ ಕಟರ್ ಇದ್ದೇ ಇರುತ್ತದೆ. ಸೀಮೆಹುಲ್ಲು, ಮುಸುಕಿನ ಜೋಳದ ಕಡ್ಡಿ ಎಲ್ಲವನ್ನೂ ಅದು ಕ್ಷಣದಲ್ಲಿ ಚೂರು ಮಾಡುತ್ತದೆ. ಬೆರಳನ್ನೂ ಅಷ್ಟೇ ಸಲೀಸಾಗಿ ಕತ್ತರಿಸುತ್ತದೆ. ಮಾಲೂರು, ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಲ್ಲಿ ಪ್ರೆಸ್ ಯಂತ್ರಗಳು ಮಾಡುವ ಗಾಯಗಳೂ ಇದೇ ಜಾತಿಯವು.

ತುಂಡಾದ ಅಂಗವನ್ನು ಮರಳಿ ಜೋಡಿಸುವ ವಿದ್ಯೆ ಹೊಸದಲ್ಲ. 1962ರಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ 12 ವರ್ಷದ ಹುಡುಗನ ತೋಳನ್ನು ಜೋಡಿಸಿದರು. 1965ರಲ್ಲಿ ಜಪಾನಿನ ನಾರಾದಲ್ಲಿ ಪೂರ್ತಿ ತುಂಡಾಗಿದ್ದ ಹೆಬ್ಬೆರಳನ್ನು ಸೂಕ್ಷ್ಮದರ್ಶಕದ ಕೆಳಗೆ ಸೇರಿಸಿದರು. ಅಂದಿನಿಂದ ಸೂಜಿ, ದಾರ, ಸೂಕ್ಷ್ಮದರ್ಶಕ ಎಲ್ಲವೂ ಸುಧಾರಿಸಿವೆ. ಸುಧಾರಿಸದೆ ಉಳಿದಿರುವುದು ಗಾಯವಾದ ಮೊದಲ ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಬೆರಳು ವೈದ್ಯರ ಕೈಯಲ್ಲಿರುವುದಿಲ್ಲ. ಮನೆಯವರ ಕೈಯಲ್ಲೋ ಪಕ್ಕದ ಮನೆಯ ಅಣ್ಣನ ಕೈಯಲ್ಲೋ ಇರುತ್ತದೆ. ಈ ಲೇಖನ ಮುಖ್ಯವಾಗಿ ಅವರಿಗಾಗಿ.

ಕೈ ಇನ್ನೂ ಯಂತ್ರದಲ್ಲೇ ಇದ್ದರೆ

ಮೊದಲು ಸ್ವಿಚ್ ಆಫ್ ಮಾಡಿ, ಆಮೇಲೆ ಪ್ಲಗ್ ಕಿತ್ತುಹಾಕಿ. ಕರೆಂಟ್ ಹೋಗಿ ಯಂತ್ರ ನಿಂತಿದ್ದರೂ ಇದನ್ನು ಮಾಡಲೇಬೇಕು. ನಮ್ಮ ಕಡೆ ಕರೆಂಟ್ ಹೇಳಿ ಹೋಗುವುದಿಲ್ಲ, ಕೇಳಿ ಬರುವುದಿಲ್ಲ. ರೋಲರ್‌ಗೆ ಸಿಕ್ಕಿದ ಹುಲ್ಲನ್ನು ಬಿಡಿಸಲು ಕೈ ಹಾಕಿದಾಗಲೇ ಕರೆಂಟ್ ಬಂದು ಆದ ಗಾಯಗಳಿವೆ.

ಕೈಯನ್ನು ಎಳೆಯಬೇಡಿ. ಯಾರು ಎಷ್ಟು ಕೂಗಿಕೊಂಡರೂ ಎಳೆಯಬೇಡಿ. ರಿವರ್ಸ್ ಲಿವರ್ ಇದ್ದರೂ ಮೋಟಾರು ಹಾಕದೆ, ಗಾಲಿಯನ್ನು ಕೈಯಿಂದಲೇ ನಿಧಾನವಾಗಿ ಹಿಂದಕ್ಕೆ ತಿರುಗಿಸಿ. ಬರದಿದ್ದರೆ ಸ್ಪ್ಯಾನರ್ ತಂದು ರೋಲರಿನ ಬೋಲ್ಟ್ ಬಿಚ್ಚಿ. ಅದೂ ಆಗದಿದ್ದರೆ ಆ ಭಾಗವನ್ನೇ ಕಳಚಿ, ಕೈಯ ಜೊತೆಗೇ ಆಸ್ಪತ್ರೆಗೆ ಒಯ್ಯಿರಿ. ಹರಿತವಾದ ಬ್ಲೇಡು ಕತ್ತರಿಸಿದ ಬೆರಳಿನಲ್ಲಿ ರಕ್ತನಾಳದ ತುದಿ ಅಚ್ಚುಕಟ್ಟಾಗಿ ಸಿಗುತ್ತದೆ, ಅದನ್ನು ಹೊಲಿಯಬಹುದು. ಎಳೆದು ಕಿತ್ತ ಬೆರಳಿನಲ್ಲಿ ರಕ್ತನಾಳ ಒಳಗೊಳಗೇ ಉದ್ದಕ್ಕೂ ಹರಿದಿರುತ್ತದೆ. ಕೆಲವೊಮ್ಮೆ ಸ್ನಾಯುರಜ್ಜು (ಮಾಂಸಖಂಡವನ್ನು ಮೂಳೆಗೆ ಸೇರಿಸುವ ಗಟ್ಟಿ ಹುರಿ) ಮುಂಗೈಯಿಂದಲೇ ಕಿತ್ತು ಬೆರಳಿನ ಜೊತೆ ದಾರದಂತೆ ಜೋತಾಡುತ್ತಿರುತ್ತದೆ. ಬೆರಳಿನ ಪಕ್ಕದಲ್ಲಿ ಉದ್ದಕ್ಕೆ ಕೆಂಪು ಗೆರೆ ಕಂಡರೆ ಶಸ್ತ್ರಚಿಕಿತ್ಸಕರ ಮುಖ ಸಪ್ಪಗಾಗುತ್ತದೆ. ನಾಳ ಒಳಗೆ ಹರಿದು ರಕ್ತ ಸೋರಿದ ಗುರುತು ಅದು.

ರಕ್ತ ನಿಲ್ಲಿಸುವುದು

ಒಗೆದ ಬಟ್ಟೆಯನ್ನು ಮಡಿಸಿ ಗಾಯದ ಮೇಲಿಟ್ಟು, ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಗಾಯಾಳುವನ್ನು ಮಲಗಿಸಿ, ಕೈಯನ್ನು ಎದೆಗಿಂತ ಮೇಲಕ್ಕೆ ಎತ್ತಿಡಿ. ಹತ್ತು ನಿಮಿಷ ಬಿಡದೆ ಒತ್ತಿ. ನಿಂತಿತೇ ಎಂದು ನಿಮಿಷಕ್ಕೊಮ್ಮೆ ಬಟ್ಟೆ ಎತ್ತಿ ನೋಡಿದರೆ ಆಗತಾನೇ ಹೆಪ್ಪುಗಟ್ಟಿದ್ದು ಕಿತ್ತುಬರುತ್ತದೆ. ಬೆರಳಿನ ಗಾಯಕ್ಕೆ ಇಷ್ಟು ಸಾಕು. ಬೆರಳ ಬುಡಕ್ಕೋ ಮಣಿಕಟ್ಟಿಗೋ ಹಗ್ಗ, ರಬ್ಬರ್ ಬಿಗಿಯುವುದು ಬೇಡ. ಮುಂಗೈ, ತೋಳಿನ ಮಟ್ಟದಲ್ಲಿ ಕತ್ತರಿಸಿ, ಒತ್ತಿದರೂ ರಕ್ತ ಚಿಮ್ಮುತ್ತಲೇ ಇದ್ದರೆ ಮಾತ್ರ ಗಾಯದ ಮೇಲ್ಭಾಗಕ್ಕೆ ಅಗಲವಾದ ಬಟ್ಟೆಯಿಂದ ಬಿಗಿದು, ಬಿಗಿದ ಸಮಯವನ್ನು ಬರೆದಿಡಿ.

ಈ ಹೊತ್ತಿಗೆ ಅಡುಗೆಮನೆಯಿಂದ ಅರಿಶಿನದ ಡಬ್ಬಿ ಹೊರಟಿರುತ್ತದೆ. ಅದನ್ನು ದಾರಿಯಲ್ಲೇ ತಡೆಯಿರಿ. ಕಾಫಿಪುಡಿ, ಬೂದಿ, ಸುಣ್ಣ ಯಾವುದೂ ಬೇಡ. ಮುಂದೆ ಒಂದು ಮಿಲಿಮೀಟರ್ ಅಗಲದ ನಾಳವನ್ನು ಹುಡುಕಬೇಕಾದ ಜಾಗ ಅದು. ಅಲ್ಲಿ ಮೆತ್ತಿದ್ದನ್ನೆಲ್ಲ ಶಸ್ತ್ರಚಿಕಿತ್ಸಕರೇ ಕೂತು ತೊಳೆಯಬೇಕು. ಅಜ್ಜಿಗೆ ಬೇಸರವಾದರೆ ಆಮೇಲೆ ಸಮಾಧಾನ ಮಾಡೋಣ.

ಬೆರಳು ಪೂರ್ತಿ ತುಂಡಾಗದೆ ಚರ್ಮದ ಎಳೆಯಲ್ಲಿ ನೇತಾಡುತ್ತಿದ್ದರೆ ಅದನ್ನು ಕತ್ತರಿಸಬೇಡಿ. ಆ ತೆಳು ಎಳೆಯಲ್ಲಿ ರಕ್ತವನ್ನು ಹಿಂದಕ್ಕೆ ಒಯ್ಯುವ ಒಂದು ಅಭಿಧಮನಿ ಉಳಿದಿದ್ದರೂ ಬೆರಳು ಬದುಕುವ ಸಾಧ್ಯತೆ ಎಷ್ಟೋ ಹೆಚ್ಚುತ್ತದೆ. ತಿರುಚದಂತೆ ನೇರ ಮಾಡಿ, ಒದ್ದೆ ಬಟ್ಟೆ ಸುತ್ತಿ, ಕಡ್ಡಿಯ ಆಸರೆ ಕೊಟ್ಟು ಕಟ್ಟಿ. ಊತ ಬರುವ ಮೊದಲೇ ಉಂಗುರ, ಬಳೆ, ವಾಚು ತೆಗೆಯಿರಿ. ಗಾಯಾಳುವಿಗೆ ಕಾಫಿ, ಸೋಡಾ, ಊಟ ಏನೂ ಕೊಡಬೇಡಿ. ಹೊಟ್ಟೆ ತುಂಬಿದ್ದರೆ ಅರಿವಳಿಕೆ ಕೊಡಲು ಕಾಯಬೇಕಾಗುತ್ತದೆ.

ತುಂಡನ್ನು ಹುಡುಕಿ, ಸರಿಯಾಗಿ ಕಟ್ಟುವುದು

ಗಾಬರಿಯಲ್ಲಿ ಎಲ್ಲರೂ ಗಾಯಾಳುವಿನ ಹಿಂದೆ ಓಡುತ್ತಾರೆ, ಬೆರಳು ಕತ್ತರಿಸಿದ ಮೇವಿನ ರಾಶಿಯಲ್ಲೇ ಉಳಿಯುತ್ತದೆ. ಒಬ್ಬರನ್ನು ಅದಕ್ಕೆಂದೇ ನಿಲ್ಲಿಸಿ. ರಾಶಿಯನ್ನು ಚೀಲದ ಮೇಲೆ ಹರಡಿ ನೋಡಬೇಕು, ಬ್ಲೇಡಿನ ಹಿಂದೆಯೂ ನೋಡಬೇಕು. ಸಿಕ್ಕಿದ ತುಂಡು ಜಜ್ಜಿಹೋಗಿದ್ದರೂ ಎಸೆಯಬೇಡಿ. ಅದನ್ನು ಅದರ ಜಾಗಕ್ಕೇ ಸೇರಿಸಲು ಆಗದಿದ್ದರೂ, ಅದರ ಚರ್ಮ, ಮೂಳೆ, ನರ ಪಕ್ಕದ ಬೆರಳನ್ನು ಉಳಿಸಲು ಬಳಕೆಗೆ ಬರಬಹುದು. ಯಾವುದು ಉಪಯೋಗ, ಯಾವುದು ಅಲ್ಲ ಎಂಬ ತೀರ್ಮಾನ ಕೊಟ್ಟಿಗೆಯಲ್ಲಿ ಆಗಬಾರದು.

ಸಲೈನ್ ಸಿಕ್ಕರೆ ಅದರಿಂದ, ಇಲ್ಲದಿದ್ದರೆ ಊರಿನ ಶುದ್ಧ ನೀರಿನ ಘಟಕದ ನೀರಿನಿಂದ ಮೇಲಿನ ಹುಲ್ಲು, ಮಣ್ಣು ಹೋಗುವಷ್ಟು ತೊಳೆಯಿರಿ. ಉಜ್ಜಬೇಡಿ. ಸೋಪು, ಡೆಟಾಲ್, ಸ್ಪಿರಿಟ್ ಬೇಡ. ಸ್ವಚ್ಛವಾದ ಬಟ್ಟೆಯನ್ನೋ ಗಾಜ್ ಬಟ್ಟೆಯನ್ನೋ ಅದೇ ನೀರಿನಲ್ಲಿ ನೆನೆಸಿ, ನೀರು ತೊಟ್ಟಿಕ್ಕದಂತೆ ಹಿಂಡಿ, ತುಂಡನ್ನು ಅದರಲ್ಲಿ ಸುತ್ತಿ. ಸುತ್ತಿದ್ದನ್ನು ಸೋರದ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಬಾಯಿ ಕಟ್ಟಿ. ಇನ್ನೊಂದು ಕವರಿಗೋ ಡಬ್ಬಿಗೋ ಅರ್ಧ ಮಂಜುಗಡ್ಡೆ, ಅರ್ಧ ನೀರು ತುಂಬಿ, ಮೊದಲ ಕವರನ್ನು ಅದರೊಳಗೆ ಇಡಿ. ಹೊರಗೆ ಹೆಸರು ಮತ್ತು ಗಾಯವಾದ ಸಮಯ ಬರೆಯಿರಿ.

ಹೆಚ್ಚಿನವರು ಎಡವುವುದು ಇಲ್ಲೇ. ಬೆರಳನ್ನು ನೇರವಾಗಿ ಐಸ್ ಮೇಲೆ ಇಡುತ್ತಾರೆ, ಇಲ್ಲವೇ ಫ್ರೀಜರಿಗೆ ಹಾಕುತ್ತಾರೆ. ಜೀವಕೋಶದೊಳಗಿನ ನೀರು ಹೆಪ್ಪುಗಟ್ಟಿದರೆ ಕೋಶ ಒಡೆಯುತ್ತದೆ. ಹಾಗೆ ಹೆಪ್ಪುಗಟ್ಟಿದ ಬೆರಳನ್ನು ಯಾರಿಂದಲೂ ಬದುಕಿಸಲು ಆಗದು. ನೀರಿನಲ್ಲಿ ಮುಳುಗಿಸಿಟ್ಟರೆ ಅಂಗಾಂಶ ನೆನೆದು ಊದಿಕೊಳ್ಳುತ್ತದೆ, ನಾಳ ಹೊಲಿಯುವುದು ಕಷ್ಟವಾಗುತ್ತದೆ. ನಮಗೆ ಬೇಕಿರುವುದು ಸುಮಾರು 4 ಡಿಗ್ರಿಯ ತಂಪು. ಐಸ್ ಮತ್ತು ನೀರು ಬೆರೆತಾಗ ಸಿಗುವುದು ಹೆಚ್ಚುಕಡಿಮೆ ಅದೇ.

ಹಳ್ಳಿಯಲ್ಲಿ ಐಸ್ ಎಲ್ಲಿ ಸಿಗುತ್ತದೆ? ಕೂಲ್‌ಡ್ರಿಂಕ್ಸ್ ಅಂಗಡಿ, ಬೇಕರಿ, ಮೀನಿನ ಅಂಗಡಿ. ಇನ್ನೊಂದು ಜಾಗ ಯಾರಿಗೂ ನೆನಪಾಗುವುದಿಲ್ಲ: ಪ್ರಾಥಮಿಕ ಆರೋಗ್ಯ ಕೇಂದ್ರ. ಮಕ್ಕಳ ಲಸಿಕೆ ಒಯ್ಯುವ ತಂಪು ಡಬ್ಬಿ ಮತ್ತು ಐಸ್ ಪ್ಯಾಕ್ ಅಲ್ಲಿರುತ್ತವೆ. ದಾದಿಯರಿಗೆ ಅದರ ಬಳಕೆಯೂ ಗೊತ್ತು. ಆದರೆ ಪ್ಯಾಕಿಗೆ ಕವರು ನೇರವಾಗಿ ತಾಗದಂತೆ ನಡುವೆ ಮಡಿಸಿದ ಬಟ್ಟೆ ಇರಲಿ.

ಕೈಯಲ್ಲಿರುವ ಸಮಯ

ಬೆರಳಿನಲ್ಲಿ ಮಾಂಸಖಂಡವಿಲ್ಲ. ಚರ್ಮ, ಮೂಳೆ, ರಜ್ಜು ರಕ್ತವಿಲ್ಲದೆ ಸ್ವಲ್ಪ ಹೆಚ್ಚು ಹೊತ್ತು ತಾಳುತ್ತವೆ. ಹೀಗಾಗಿ ತಂಪಾಗಿಟ್ಟ ಬೆರಳಿಗೆ ಸುಮಾರು 24 ಗಂಟೆಯವರೆಗೂ, ಹಾಗೇ ಬಿಟ್ಟ ಬೆರಳಿಗೆ ಸುಮಾರು 12 ಗಂಟೆಯವರೆಗೂ ಅವಕಾಶವಿರುತ್ತದೆ. ಮಣಿಕಟ್ಟಿನಿಂದ ಮೇಲೆ ತುಂಡಾಗಿದ್ದರೆ ಲೆಕ್ಕವೇ ಬೇರೆ. ಮಾಂಸಖಂಡ ತಂಪಿಲ್ಲದೆ ಆರು ಗಂಟೆಗೆ ಸಾಯತೊಡಗುತ್ತದೆ. ಸತ್ತ ಮಾಂಸಕ್ಕೆ ಮತ್ತೆ ರಕ್ತ ಹರಿಸಿದರೆ ಅದರ ವಿಷ ಮೈಗೆಲ್ಲ ಹರಡಿ ಮೂತ್ರಪಿಂಡಕ್ಕೂ ಹೃದಯಕ್ಕೂ ಕುತ್ತು ತರುತ್ತದೆ. ಬೆರಳು ತುಂಡಾದವರು ಪ್ರಾಣಭಯದಲ್ಲಿ ಗಾಡಿ ಓಡಿಸಬೇಕಾಗಿಲ್ಲ. ಕೈ ತುಂಡಾದವರು ಒಂದು ನಿಮಿಷವನ್ನೂ ಕಳೆಯಬಾರದು.

ಯಾವ ಆಸ್ಪತ್ರೆ?

108ಕ್ಕೆ ಕರೆ ಮಾಡಿ. ಹತ್ತಿರದ ಆಸ್ಪತ್ರೆಯಲ್ಲಿ ಆಗಬೇಕಾದವು ಕೆಲವೇ: ರಕ್ತಸ್ರಾವದ ಹತೋಟಿ, ಡ್ರಿಪ್, ನೋವಿನ ಮದ್ದು, ಟಿಟಿ, ಆಂಟಿಬಯೋಟಿಕ್, ಕೈಗೂ ತುಂಡಿಗೂ ಎಕ್ಸ್‌ರೇ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ, ಟಮಕದ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಂಥ ಕಡೆ ಇವೆಲ್ಲ ಆಗುತ್ತವೆ. ಆದರೆ ಎಲ್ಲೇ ಆಗಲಿ, ಬೆರಳು ಸೇರಿಸುವ ತೀರ್ಮಾನ ಆಗುವ ಮೊದಲೇ ಮೊಂಡುತುದಿಗೆ ಹೊಲಿಗೆ ಹಾಕಿಸಿಕೊಳ್ಳಬೇಡಿ. ಒತ್ತಿ ಕಟ್ಟಿದ ಬ್ಯಾಂಡೇಜು ಸಾಕು.

ಬೆರಳು ಜೋಡಿಸಲು ಪ್ಲಾಸ್ಟಿಕ್ ಸರ್ಜನ್ ಎಂಬ ಫಲಕವಷ್ಟೇ ಸಾಲದು. ಆ ಹೊತ್ತಿಗೆ ಸೂಕ್ಷ್ಮದರ್ಶಕ, ಅದರಲ್ಲಿ ಪಳಗಿದ ಕೈ, ಸರದಿಯಲ್ಲಿ ದುಡಿಯಲು ಇನ್ನೊಬ್ಬರು, ರಾತ್ರಿಯಿಡೀ ಅರಿವಳಿಕೆ ಕೊಡುವವರು ಎಲ್ಲರೂ ಇರಬೇಕು. ಹಾಗಾಗಿ ಹೊರಡುವ ಮೊದಲೇ ಫೋನ್ ಮಾಡಿ. ಮಾತು ಇಷ್ಟೇ ಇರಲಿ: “ಮೇಡಂ, ಮುಳಬಾಗಿಲಿನಿಂದ ಮಾತನಾಡುತ್ತಿದ್ದೇನೆ. ನಮ್ಮ ತಮ್ಮ, 32 ವರ್ಷ. ಬಲಗೈ ಹೆಬ್ಬೆರಳು ಮೇವಿನ ಯಂತ್ರಕ್ಕೆ ಸಿಕ್ಕಿ ಬೆಳಿಗ್ಗೆ ಏಳಕ್ಕೆ ಪೂರ್ತಿ ತುಂಡಾಗಿದೆ. ತುಂಡನ್ನು ತಂಪಾಗಿ ಇಟ್ಟಿದ್ದೇವೆ. ಸಕ್ಕರೆ ಕಾಯಿಲೆ ಇಲ್ಲ, ಬೀಡಿ ಸೇದುತ್ತಾನೆ. ಬೆರಳು ಸೇರಿಸುವ ತಂಡ ಈಗ ಇದೆಯೇ?” ಜೊತೆಗೆ ಗಾಯ ಮತ್ತು ತುಂಡು ಎರಡರ ಫೋಟೋವನ್ನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿ. ನೋಡಿದವರು ಹೌದು, ಅಲ್ಲ ಎಂದು ಅಲ್ಲಿಂದಲೇ ಅರ್ಧ ತೀರ್ಮಾನ ಹೇಳಬಲ್ಲರು. ಕೋಲಾರದಿಂದ ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 75ರಲ್ಲಿ 70 ಕಿಲೋಮೀಟರಿನ ಆಸುಪಾಸು. ದೂರಕ್ಕಿಂತ ಹೆಚ್ಚು ಹೊತ್ತು ತಿನ್ನುವುದು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕೈಚೀಲ ಹಿಡಿದು ಅಲೆಯುವುದು.

ಆಧಾರ್, ರೇಷನ್ ಕಾರ್ಡ್ ಜೊತೆಗಿರಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಆ ಆಸ್ಪತ್ರೆ ಯೋಜನೆಯಲ್ಲಿದೆಯೇ, ನಿಮ್ಮ ಚಿಕಿತ್ಸೆ ಅದರ ಪಟ್ಟಿಯಲ್ಲಿದೆಯೇ ಎಂದು ಫೋನಿನಲ್ಲೇ ಕೇಳಿ. ಕಾರ್ಖಾನೆಯವರಾದರೆ ಇಎಸ್‌ಐ ಕಾರ್ಡ್ ಒಯ್ಯಿರಿ. ಗಾಯ ಹೇಗಾಯಿತೆಂಬುದನ್ನು ಆಸ್ಪತ್ರೆಯ ದಾಖಲೆಯಲ್ಲಿ ಸರಿಯಾಗಿ ಬರೆಸಿ. ಮುಂದೆ ಪರಿಹಾರ, ಅಂಗವೈಕಲ್ಯ ಪ್ರಮಾಣಪತ್ರ ಎಲ್ಲಕ್ಕೂ ಆ ಒಂದು ಸಾಲೇ ಆಧಾರ.

ಸೇರಿಸಬೇಕೇ, ಬೇಡವೇ?

ತುಂಡು ಕೈಯಲ್ಲಿದೆ ಎಂದ ಮೇಲೆ ಸೇರಿಸಲೇಬೇಕು ಎಂಬುದು ಮನೆಯವರ ಆಸೆ. ಅದು ಯಾವಾಗಲೂ ಗಾಯಾಳುವಿಗೆ ಒಳ್ಳೆಯದಲ್ಲ.

ಹೆಬ್ಬೆರಳಾದರೆ ಪ್ರಯತ್ನಿಸಬೇಕು. ಕೈಯ ಅರ್ಧದಷ್ಟು ಕೆಲಸ ಹೆಬ್ಬೆರಳಿನದು. ಸೆಟೆದು ನಿಂತ ಹೆಬ್ಬೆರಳೂ ಹಿಡಿತಕ್ಕೆ ಬರುತ್ತದೆ. ಒಂದಕ್ಕಿಂತ ಹೆಚ್ಚು ಬೆರಳು ಹೋಗಿದ್ದರೆ, ಅಂಗೈ ಅಥವಾ ಮಣಿಕಟ್ಟಿನಲ್ಲಿ ತುಂಡಾಗಿದ್ದರೆ, ಗಾಯಾಳು ಮಗುವಾಗಿದ್ದರೆ ಆಗಲೂ ಪ್ರಯತ್ನಿಸಬೇಕು. ಆದರೆ ಒಂದೇ ಒಂದು ತೋರುಬೆರಳು ಬುಡದ ಹತ್ತಿರ ತುಂಡಾಗಿದೆ ಎನ್ನಿ. ಅಲ್ಲಿ ಎರಡು ರಜ್ಜುಗಳು ಇಕ್ಕಟ್ಟಾದ ಕೊಳವೆಯಲ್ಲಿ ಒಟ್ಟಿಗೇ ಸರಿದಾಡುತ್ತವೆ. ಸೇರಿಸಿದ ಮೇಲೆ ಅವು ಅಂಟಿಕೊಂಡು ಬೆರಳು ಮಡಚದಂತಾಗುತ್ತದೆ. ಹಾಲು ಕರೆಯುವಾಗ, ಗುದ್ದಲಿ ಹಿಡಿಯುವಾಗ ಆ ಬೆರಳು ಅಡ್ಡವೇ ಹೊರತು ಸಹಾಯಕ್ಕಿಲ್ಲ. ಅದನ್ನು ಬಿಟ್ಟು ಮೊಂಡುತುದಿ ಮುಚ್ಚಿಸಿಕೊಂಡವರು ಕೆಲವೇ ವಾರಗಳಲ್ಲಿ ಕೆಲಸಕ್ಕೆ ಮರಳುತ್ತಾರೆ, ಮಧ್ಯದ ಬೆರಳು ತಾನಾಗಿ ತೋರುಬೆರಳಿನ ಕೆಲಸ ವಹಿಸಿಕೊಳ್ಳುತ್ತದೆ. ಸೇರಿಸಿಕೊಂಡವರು ತಿಂಗಳುಗಟ್ಟಲೆ ಕಾಯಬೇಕು, ಎರಡನೆಯ ಶಸ್ತ್ರಚಿಕಿತ್ಸೆಗೂ ಸಿದ್ಧರಿರಬೇಕು. ಜಜ್ಜಿದ, ಕಿತ್ತ, ಎರಡು ಮೂರು ಕಡೆ ತುಂಡಾದ ಬೆರಳುಗಳ ಮಾತೂ ಹೆಚ್ಚುಕಡಿಮೆ ಇದೇ.

ಹಾಗಾಗಿ ವೈದ್ಯರಲ್ಲಿ “ಬೆರಳು ಬದುಕುತ್ತದೆಯೇ” ಎಂದಷ್ಟೇ ಕೇಳಬೇಡಿ. “ಬದುಕಿದರೆ ಮಡಚುತ್ತದೆಯೇ, ಸ್ಪರ್ಶ ತಿಳಿಯುತ್ತದೆಯೇ, ಇವನ ಕೆಲಸಕ್ಕೆ ಉಪಯೋಗವೇ” ಎಂದು ಕೇಳಿ. ಗಾಯಾಳು ಯಾವ ಕೈಯವನು, ಏನು ಕೆಲಸ, ದುಡಿಯುವವನು ಅವನೊಬ್ಬನೇಯೇ ಎಂಬುದನ್ನೂ ಹೇಳಿ. ಬೇಡ ಎಂದು ಹೇಳುವ ವೈದ್ಯರು ಕೆಲಸ ತಪ್ಪಿಸಿಕೊಳ್ಳುತ್ತಿದ್ದಾರೆ ಎಂದು ಅನುಮಾನಿಸಬೇಕಾಗಿಲ್ಲ. ಹತ್ತು ಗಂಟೆ ಕೂತು ಹೊಲಿಯುವುದಕ್ಕಿಂತ ಬೇಡ ಎಂದು ಬಿಡಿಸಿ ಹೇಳುವುದು ಎಷ್ಟೋ ಸಲ ಕಷ್ಟ.

ಸೂಕ್ಷ್ಮದರ್ಶಕದ ಕೆಳಗೆ

ಮೊದಲು ಎರಡೂ ಕಡೆಯ ನಾಳ, ನರ, ರಜ್ಜುಗಳ ತುದಿಗಳನ್ನು ಹುಡುಕಿ ಗುರುತು ಹಾಕುತ್ತಾರೆ. ಮೂಳೆಯನ್ನು ಸ್ವಲ್ಪ ಗಿಡ್ಡ ಮಾಡಿ ತೆಳುವಾದ ಉಕ್ಕಿನ ತಂತಿಯಿಂದ ಕೂಡಿಸುತ್ತಾರೆ. ಕೆಲವು ಮಿಲಿಮೀಟರ್ ಉದ್ದ ಬಿಟ್ಟುಕೊಟ್ಟರೆ ನಾಳಗಳು ಎಳೆತವಿಲ್ಲದೆ ಸೇರುತ್ತವೆ. ಆಮೇಲೆ ರಜ್ಜುಗಳು, ರಕ್ತ ತರುವ ಅಪಧಮನಿ, ನರ, ಅಭಿಧಮನಿ, ಕೊನೆಗೆ ಚರ್ಮ. ಈ ಸರದಿ ತಂಡದಿಂದ ತಂಡಕ್ಕೆ ಸ್ವಲ್ಪ ಬದಲಾಗುತ್ತದೆ. ನಾಳ ಹೊಲಿಯುವ ದಾರ ತಲೆಗೂದಲಿಗಿಂತ ತೆಳು. ಬರಿಗಣ್ಣಿಗೆ ಅದು ಕಾಣುವುದೇ ಕಷ್ಟ. ನಾಳದ ಒಂದು ಭಾಗ ಜಜ್ಜಿದ್ದರೆ ಅಷ್ಟನ್ನು ಕತ್ತರಿಸಿ, ಮುಂಗೈಯಿಂದ ತೆಗೆದ ಅಭಿಧಮನಿಯ ತುಂಡನ್ನು ನಡುವೆ ಕೂರಿಸುತ್ತಾರೆ. ಎಲ್ಲ ಸರಿಹೋದರೆ, ನಾಳವನ್ನು ಒತ್ತಿ ಹಿಡಿದಿದ್ದ ಕ್ಲಾಂಪ್ ಬಿಟ್ಟ ಮೇಲೆ ಮೇಣದಂತೆ ಬಿಳಿಚಿದ್ದ ಬೆರಳು ಬುಡದಿಂದ ತುದಿಯವರೆಗೆ ನಸುಗೆಂಪಾಗುತ್ತದೆ, ತುದಿಯನ್ನು ಸೂಜಿಯಿಂದ ಚುಚ್ಚಿದರೆ ತಿಳಿಗೆಂಪು ರಕ್ತ ಜಿನುಗುತ್ತದೆ.

ಈ ಕೈಚಳಕ ಒಂದೇ ದಿನದಲ್ಲಿ ಬರುವುದಿಲ್ಲ. ಕಲಿಯುವವರು ಪ್ರಯೋಗಾಲಯದಲ್ಲಿ ಸಿಲಿಕೋನ್ ಕೊಳವೆ, ಅಂಗಡಿಯಿಂದ ತಂದ ಕೋಳಿ ತೊಡೆಯ ನಾಳ, ಆಮೇಲೆ ಇಲಿಯ ತೊಡೆಯ ನಾಳದ ಮೇಲೆ ಅಭ್ಯಾಸ ಮಾಡುತ್ತಾರೆ. ಇಲಿಯ ಆ ನಾಳವೂ ನಮ್ಮ ಬೆರಳಿನ ನಾಳವೂ ಹೆಚ್ಚುಕಡಿಮೆ ಒಂದೇ ಅಳತೆ.

ಹಾಸಿಗೆಯ ಪಕ್ಕ ಕೂರುವವರಿಗೆ

ಮೊದಲ ಮೂರು ದಿನ ನಿರ್ಣಾಯಕ. ದಾದಿಯರು ಗಂಟೆಗೊಮ್ಮೆ ಬೆರಳು ನೋಡುತ್ತಾರೆ, ನೀವೂ ನೋಡಲು ಕಲಿಯಿರಿ. ಉಗುರನ್ನು ಮೆಲ್ಲಗೆ ಒತ್ತಿ ಬಿಟ್ಟರೆ ಸುಮಾರು ಎರಡು ಸೆಕೆಂಡಿನಲ್ಲಿ ಬಣ್ಣ ಮರಳಬೇಕು. ಬೆರಳು ಬಿಳಿಚಿ, ತಣ್ಣಗಾಗಿ, ಬಣ್ಣ ಮರಳಲು ತಡವಾದರೆ ರಕ್ತ ಒಳಗೆ ಬರುತ್ತಿಲ್ಲ. ನೀಲಿಗಟ್ಟಿ, ಬಿಗಿದು, ಒತ್ತಿ ಬಿಟ್ಟೊಡನೆ ಬಣ್ಣ ಥಟ್ಟನೆ ಮರಳಿದರೆ ರಕ್ತ ಹೊರಗೆ ಹೋಗುತ್ತಿಲ್ಲ. ಯಾವುದಾದರೂ ಸರಿ, ಬೆಳಗಿನ ರೌಂಡ್ಸ್‌ವರೆಗೆ ಕಾಯದೆ ತಕ್ಷಣ ಹೇಳಿ. ಬೇಗ ಗೊತ್ತಾದರೆ ಮತ್ತೆ ಒಳಗೆ ಒಯ್ದು ಸರಿಪಡಿಸಬಹುದು.

ರಕ್ತ ಕಟ್ಟಿಕೊಂಡ ಬೆರಳಿಗೆ ಕೆಲವೆಡೆ ಜಿಗಣೆ ಹಚ್ಚುತ್ತಾರೆ. ಕೆರೆಯಿಂದ ತಂದದ್ದಲ್ಲ, ಚಿಕಿತ್ಸೆಗೆಂದೇ ಸಾಕಿದ್ದು. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶವಿದೆ. ಹೊಸ ಅಭಿಧಮನಿಗಳು ಬೆಳೆಯುವವರೆಗೆ ಆ ಕೆಲಸವನ್ನು ಜಿಗಣೆ ನಿಭಾಯಿಸುತ್ತದೆ. ಸೋಂಕು ತಡೆಯಲು ಜೊತೆಗೆ ಆಂಟಿಬಯೋಟಿಕ್ ಕೊಡುತ್ತಾರೆ.

ಬೀಡಿ, ಸಿಗರೇಟು, ತಂಬಾಕು, ಗುಟ್ಕಾ ಪೂರ್ತಿ ನಿಲ್ಲಬೇಕು. ನಿಕೋಟಿನ್ ಸಣ್ಣ ನಾಳಗಳನ್ನು ಕುಗ್ಗಿಸುತ್ತದೆ, ಒಂದು ಬೀಡಿಯಿಂದ ಹತ್ತು ಗಂಟೆಯ ಶ್ರಮ ಹಾಳಾಗಬಹುದು. ನೋಡಲು ಬಂದ ನೆಂಟರು ಪಕ್ಕದಲ್ಲಿ ಸೇದುವುದೂ ಬೇಡ. ಕಾಫಿ, ಟೀಯನ್ನು ಹಲವು ವೈದ್ಯರು ಕೆಲವು ವಾರ ನಿಲ್ಲಿಸುತ್ತಾರೆ. ಕೋಣೆ ಬೆಚ್ಚಗಿರಲಿ, ಫ್ಯಾನು ನೇರವಾಗಿ ಬೀಸದಿರಲಿ.

ಸೇರಿಸಲು ಆಗದಿದ್ದರೆ

ಅಲ್ಲಿಗೆ ಕಥೆ ಮುಗಿಯಲಿಲ್ಲ. ಬೆರಳ ತುದಿಯ ಚರ್ಮವಷ್ಟೇ ಹೋಗಿ ಮೂಳೆ ಕಾಣದಿದ್ದರೆ, ಒಂದು ಚದರ ಸೆಂಟಿಮೀಟರಿನಷ್ಟು ಗಾಯ ಒಳ್ಳೆಯ ಡ್ರೆಸಿಂಗಿನಿಂದಲೇ ಕೆಲವು ವಾರಗಳಲ್ಲಿ ತುಂಬಿಕೊಳ್ಳುತ್ತದೆ. ಮೂಳೆ ಕಂಡರೆ ಅಕ್ಕಪಕ್ಕದ ಚರ್ಮವನ್ನು ಸರಿಸಿ ಮುಚ್ಚುತ್ತಾರೆ, ಇಲ್ಲವೇ ಪಕ್ಕದ ಬೆರಳಿನ ಹಿಂಬದಿಯ ಚರ್ಮವನ್ನು ಪುಟದಂತೆ ಮಗುಚಿ ಎರಡು ಮೂರು ವಾರ ಎರಡೂ ಬೆರಳನ್ನು ಜೋಡಿಸಿಡುತ್ತಾರೆ. ಕೈಯ ಹೆಚ್ಚು ಭಾಗ ಸುಲಿದುಹೋಗಿದ್ದರೆ ತೊಡೆಸಂದಿಯ ಚರ್ಮದ ಪದರಕ್ಕೆ ಕೈಯನ್ನು ಹೊಲಿದು ಸುಮಾರು ಮೂರು ವಾರ ಹಾಗೇ ಬಿಡುತ್ತಾರೆ. ಕೈಯಿಂದಲೇ ಹೊಸ ರಕ್ತನಾಳ ಬೆಳೆದ ಮೇಲೆ ಬುಡ ಕತ್ತರಿಸುತ್ತಾರೆ.

ಬುಡದಲ್ಲಿ ಜೀವ ಉಳಿಸಿಕೊಂಡ ಚರ್ಮವನ್ನು ಇನ್ನೊಂದು ಕಡೆ ಕೂರಿಸುವ ಈ ಉಪಾಯ ನಮ್ಮ ದೇಶದಲ್ಲಿ ಬಹಳ ಹಳೆಯದು. ಮೂರನೆಯ ಮೈಸೂರು ಯುದ್ಧದಲ್ಲಿ ಮೂಗು ಕಳೆದುಕೊಂಡ ಬ್ರಿಟಿಷ್ ಸೇನೆಯ ಗಾಡಿಯವನೊಬ್ಬನಿಗೆ ಪುಣೆಯ ಹತ್ತಿರ ಹಣೆಯ ಚರ್ಮದಿಂದ ಮೂಗು ಕಟ್ಟಿದ್ದನ್ನು 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಚಿತ್ರಸಹಿತ ಪ್ರಕಟಿಸಿತು. ಯುರೋಪಿನವರು ಅದನ್ನು ನೋಡಿಯೇ ಮತ್ತೆ ಮೂಗು ಕಟ್ಟಲು ಹೊರಟದ್ದು.

ಹೆಬ್ಬೆರಳು ಉಳಿಯದವರಿಗೆ ಕಾಲಿನ ಬೆರಳನ್ನು ತಂದು ಕೈಗೆ ಕೂರಿಸುವ ಶಸ್ತ್ರಚಿಕಿತ್ಸೆ ಇದೆ. ಮುಂಗೈ ಸಮೇತ ಎರಡೂ ಕೈ ಕಳೆದುಕೊಂಡವರಿಗೆ ದಾನಿಯ ಕೈ ಕಸಿ ಮಾಡುವುದು ಭಾರತದಲ್ಲಿ 2015ರಲ್ಲಿ ಕೊಚ್ಚಿಯಲ್ಲಿ ಮೊದಲಾಯಿತು. ಆದರೆ ಅದಕ್ಕೆ ಜೀವಮಾನವಿಡೀ ಔಷಧಿ ಬೇಕು, ಒಂದೆರಡು ಬೆರಳಿಗೆ ಅದು ದಾರಿಯಲ್ಲ.

ಮನೆಗೆ ಬಂದ ಮೇಲೆ

ಬೆರಳು ಸೇರಿದ ಮೇಲೂ ವ್ಯಾಯಾಮವಿಲ್ಲದಿದ್ದರೆ ಅದು ಮರಗಟ್ಟುತ್ತದೆ. ಯಾವ ದಿನದಿಂದ, ಎಷ್ಟು ಮಡಚಬೇಕು ಎಂಬುದನ್ನು ಫಿಸಿಯೋಥೆರಪಿಸ್ಟ್ ಹೇಳಿದಂತೆಯೇ ಮಾಡಿ. ಅವಸರಿಸಿದರೆ ರಜ್ಜು ಕಿತ್ತುಬರುತ್ತದೆ, ಅಂಜಿ ಸುಮ್ಮನಿದ್ದರೆ ಅಂಟಿಕೊಳ್ಳುತ್ತದೆ. ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಸ್ಪರ್ಶ ಬರಲು ತಿಂಗಳುಗಳೇ ಬೇಕು, ಬಂದದ್ದೂ ಮೊದಲಿನಷ್ಟು ಚುರುಕಾಗಿರುವುದಿಲ್ಲ. ಅಲ್ಲಿಯವರೆಗೆ ಬಿಸಿ ಪಾತ್ರೆ, ಒಲೆ, ಬೈಕಿನ ಸೈಲೆನ್ಸರ್ ಹತ್ತಿರ ಎಚ್ಚರ. ಸುಟ್ಟರೂ ಗೊತ್ತಾಗುವುದಿಲ್ಲ. ಡಿಸೆಂಬರಿನ ಚಳಿಗೆ ಆ ಬೆರಳು ವಿಪರೀತ ನೋಯುತ್ತದೆ, ಒಂದೆರಡು ವರ್ಷ ಹಾಗಿರಬಹುದು. ಬೆಳಗಿನ ಜಾವ ಹಾಲು ಕರೆಯುವವರು ಕೊಟ್ಟಿಗೆಗೆ ಹೋಗುವ ದಾರಿಗೆ ಉಣ್ಣೆಯ ಕೈಗವಸು ಹಾಕಿಕೊಳ್ಳಲಿ. ಯಂತ್ರದ ಮುಂದೆ ಮಾತ್ರ ಯಾವ ಕೈಗವಸೂ ಬೇಡ, ರೋಲರ್ ಮೊದಲು ಹಿಡಿಯುವುದು ಅದನ್ನೇ. ಸಡಿಲ ತೋಳು, ಸೆರಗು, ಟವೆಲ್ಲಿಗೂ ಇದೇ ಮಾತು. ಮೇವು ತಳ್ಳುವ ತೊಟ್ಟಿ ಕೈ ರೋಲರಿಗೆ ತಲುಪದಷ್ಟು ಉದ್ದವಿರಲಿ, ಅದರ ಮೇಲಿನ ಮುಚ್ಚಳ ಬಿಚ್ಚಿಟ್ಟಿದ್ದರೆ ಮತ್ತೆ ಹಾಕಿಸಿ, ಸಿಕ್ಕಿಕೊಂಡ ಹುಲ್ಲನ್ನು ಪ್ಲಗ್ ಕಿತ್ತ ಮೇಲೆ ಕೋಲಿನಿಂದ ತಳ್ಳಿ.